ಮಕ್ಕಳಿಗೆ ತಿಳಿಯದಂತೆ ಆಡಿದ ಮಾತು

ಮಿಲೊಲಿಇ
ಮಾರ್ಚ್ 11, 1996

ನನ್ನ ಹಟಮಾರಿ ತಂಗಿ ಲುಯಿಕಾಗೆ ಅಣ್ಣ ಪೆಕೆಲೊನ ಅಲೋಹಾ,

ಮಂಡಿನೋವು ಹೇಗಿದೆ? ಮೊಲೊಕಾಯಿಯ ಗಾಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ನನ್ನ ಕಣ್ಣಿನ ಪೊರೆ ತೆಗೆದರು, ಈಗ ಮತ್ತೆ ಬಲೆ ಹೆಣೆಯಬಲ್ಲೆ. ಈ ಕಾಗದ ನಮ್ಮ ಹವಾಯಿ ಮಾತಿನಲ್ಲಿರುವುದನ್ನು ಕಂಡು ನೀನು ಹುಬ್ಬು ಗಂಟಿಕ್ಕಿರುತ್ತೀಯೆ. ಮೂವತ್ತಾರು ವರ್ಷದಿಂದ ನೀನು ಫೋನಿನಲ್ಲಿ ನನ್ನೊಡನೆ ಬರೀ ಇಂಗ್ಲಿಷಿನಲ್ಲಿ ಮಾತಾಡುತ್ತೀಯೆ, ಅಂಚೆ ಕಚೇರಿಯ ಗುಮಾಸ್ತೆಯ ಹಾಗೆ. ಯಾಕೆಂದು ನಮ್ಮಿಬ್ಬರಿಗೂ ಗೊತ್ತು. ನಾನೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಫೋನ್ ಇಡುತ್ತೇನೆ. ಈಗ ನನಗೆ ಸಾಕಾಗಿಹೋಗಿದೆ.

ವಿಷಯ ನನ್ನ ಮೊಮ್ಮಗಳು ನೊಹೆಯಾಳದ್ದು. ನನ್ನ ಮಗ ಕಾವಿಕಾನ ಮಗಳು, ಒಂಬತ್ತು ವರ್ಷ. ಅವಳ ಶಾಲೆಯಲ್ಲಿ ಪಾಠವೆಲ್ಲ ಹವಾಯಿ ಮಾತಿನಲ್ಲೇ. ಯಾವ ಮಾತಾಡಿದ್ದಕ್ಕೆ ನೀನೂ ನಾನೂ ಬೆತ್ತದ ಏಟು ತಿಂದೆವೋ ಅದೇ ಮಾತಿಗೆ ಅವಳಿಗೆ ಬಹುಮಾನ ಕೊಡುತ್ತಾರೆ, ನಗಬೇಕೋ ಅಳಬೇಕೋ ನೀನೇ ಹೇಳು. ಮನೆಯಲ್ಲಿಯೂ ಯಾರಾದರೂ ಮಗುವಿನೊಡನೆ ಆ ಮಾತಾಡಬೇಕು ಎಂದು ಟೀಚರ್ ಹೇಳಿ ಕಳಿಸಿದ್ದಾರೆ. ಕಾವಿಕಾನಿಗೆ ಬರುವುದಿಲ್ಲ, ಅವನ ಹೆಂಡತಿಗೂ ಬರುವುದಿಲ್ಲ. ಉಳಿದವನು ನಾನು. ಪ್ರತಿ ಭಾನುವಾರ ಚರ್ಚಿನಿಂದ ಬಂದ ಕೂಡಲೇ ಹುಡುಗಿ ನನ್ನನ್ನು ಮೇಜಿನ ಮುಂದೆ ಕೂರಿಸಿ, ಟೇಪ್ ರೆಕಾರ್ಡರಿನ ಗುಂಡಿ ಒತ್ತಿ, ‘ಟೂಟೂ, ಮಾತಾಡು. ಏನಾದ್ರೂ ಮಾತಾಡು’ ಎನ್ನುತ್ತಾಳೆ. ಏನಾದರೂ ಎಂದರೆ ಏನು? ದೋಣಿ, ಬಲೆ, ಮೀನು ಎಂದು ಮೂರು ಪದ ಹೇಳಿ ಕೆಮ್ಮುತ್ತೇನೆ. ‘ಅಯ್ಯೋ ಟೂಟೂ, ಇದನ್ನೆಲ್ಲ ಬೇಬಿ ಕ್ಲಾಸಲ್ಲೇ ಕಲಿಸಿದ್ರು’ ಎಂದು ಮುಖ ಊದಿಸುತ್ತಾಳೆ. ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಹೋದ ಮಂಗಳವಾರ ಪಕ್ಕದ ಮನೆಯ ನಾಯಿ ಜಾಲರಿ ಹರಿದು, ನಾನು ಒಣಹಾಕಿದ್ದ ಒಪೆಲು ಮೀನನ್ನು ಕಚ್ಚಿಕೊಂಡು ಓಡಿತು. ದೊಣ್ಣೆ ಹಿಡಿದು ನೀರಿನವರೆಗೂ ಅಟ್ಟಿಸಿಕೊಂಡು ಹೋದೆ. ಅದರ ವಂಶವನ್ನೆಲ್ಲ ಜಾಲಾಡಿಬಿಟ್ಟೆ, ಥೇಟ್ ಅಮ್ಮನ ಬೈಗುಳ, ಅವಳದೇ ರಾಗ. ತಿರುಗಿ ನೋಡಿದರೆ ನೊಹೆಯಾ ಲಾವಾ ಬಂಡೆಯ ಮೇಲೆ ನಿಂತು ಕುಣಿಯುತ್ತಿದ್ದಾಳೆ. ‘ಟೂಟೂ, ಇದೇ, ಇದೇ ನಂಗೆ ಬೇಕಿದ್ದಿದ್ದು! ನಮ್ ಟೀಚರ್‌ಗೂ ಹಿಂಗೆ ಬರಲ್ಲ!’ ಮತ್ತೊಮ್ಮೆ ಹೇಳೆಂದು ಕಾಡಿದಳು. ಕೋಪ ಇಳಿದಿತ್ತು, ಒಂದು ಮಾತೂ ನೆನಪಾಗಲಿಲ್ಲ. ಏನು ಮಾಡಲಿ ಲುಯಿಕಾ, ದಿನಕ್ಕೊಂದು ನಾಯಿ ಕರೆಸಲೇ?

ನಾವು ಮೇಜಿನ ಮುಂದೆ ಕೂತು ಕಲಿತವರೇ? ನೆನಪಿದೆಯಾ, ಅಪ್ಪ ಮೀನಿಗೆ ಹೊರಟಾಗ ‘ಎಲ್ಲಿಗೆ’ ಎಂದು ನೀನು ಬಾಯಿತಪ್ಪಿ ಕೇಳಿಬಿಟ್ಟೆ. ಮೀನಿಗೆ ಕೇಳಿಸಿತು, ಇನ್ನು ಇವತ್ತು ಏನೂ ಸಿಗದು ಎಂದು ಅವನು ದೋಣಿಯನ್ನು ದಡಕ್ಕೆಳೆದು ಮಲಗಿಯೇಬಿಟ್ಟ. ‘ಮೀನಿಗೆ ಬೇರೆ ಕೆಲ್ಸ ಇಲ್ವಾ, ನಿನ್ ಮಗಳ ಮಾತು ಕೇಳ್ತಾ ಕೂತಿರೋಕೆ? ಸೋಮಾರಿ ನೀನು, ಮೀನಿನ ಮೇಲೆ ಹಾಕ್ಬೇಡ’ ಎಂದು ಅಮ್ಮ ಶುರುಮಾಡಿದವಳು ಸಂಜೆಯವರೆಗೂ ನಿಲ್ಲಿಸಲಿಲ್ಲ. ಅಂಥ ಜಗಳಗಳ ನಡುವೆ ಕೆಸುವಿನ ಪೋಯ್ ನೆಕ್ಕುತ್ತಾ ಕೂತೇ ನಮಗೆ ಮಾತು ಬಂತು. ನಾನು ಮತ್ತು ನನ್ನವಳು ಅನೆಲಾ ಏನು ಮಾಡಿದೆವು? ಮಕ್ಕಳಿಗೆ ತಿಳಿಯಬಾರದ್ದಕ್ಕೆಲ್ಲ ಆ ಮಾತನ್ನು ಬಳಸಿದೆವು. ಕ್ರಿಸ್‌ಮಸ್ ಉಡುಗೊರೆ ಎಲ್ಲಿಟ್ಟಿದೆ, ಅವಳ ಹೊಟ್ಟೆಯ ಗೆಡ್ಡೆಗೆ ಡಾಕ್ಟರ್ ಏನೆಂದರು, ಎಲ್ಲ ಗುಟ್ಟು. ಗುಟ್ಟು ಚೆನ್ನಾಗಿಯೇ ಉಳಿಯಿತು. ಅನೆಲಾ ಹೋಗಿ ನಾಲ್ಕು ವರ್ಷ, ನನ್ನೊಡನೆ ಜಗಳವಾಡಲು ಆ ಮಾತು ಬಲ್ಲವರು ಈ ಮನೆಯಲ್ಲಿ ಒಬ್ಬರೂ ಇಲ್ಲ.

ಈ ಭಾನುವಾರ ನೊಹೆಯಾ ಟೇಪ್ ರೆಕಾರ್ಡರ್ ತರಲಿಲ್ಲ. ನಾನೇ ಕರೆದರೆ, ‘ಬೇಡ ಬಿಡು ಟೂಟೂ, ನಿಂಗೆ ಕಷ್ಟ ಆಗುತ್ತೆ’ ಎಂದಳು, ಅದೂ ಇಂಗ್ಲಿಷಿನಲ್ಲಿ. ನನಗೆ ಅಳು ಬಂತು.

ಈಸ್ಟರಿಗೆ ಬಾ. ನನ್ನ ಪೋಯ್ ನೀರಾಗಿದೆ ಎಂದು ಬೈಯಿ, ಬಲೆಯ ಗಂಟು ಸಡಿಲ ಎಂದು ಬೈಯಿ. ನಾನೂ ಸುಮ್ಮನಿರುವುದಿಲ್ಲ. ಹುಡುಗಿ ಕೇಳಿಸಿಕೊಳ್ಳಲಿ. ದೇವರು ನಿನ್ನ ಮಂಡಿಯನ್ನು ಸರಿಮಾಡಲಿ, ನಾಲಿಗೆಯನ್ನು ಮಾತ್ರ ಈಗಿರುವ ಹಾಗೇ ಬಿಡಲಿ.

ನಿನ್ನ ಅಣ್ಣ,
ಪೆಕೆಲೊ

ತಾ.ಕ.: ಕಾವಿಕಾ ಇದನ್ನು ಅಂಚೆಗೆ ಹಾಕಲು ಕಾರಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದಾನೆ. ‘ಅಪ್ಪಂಗೆ ಯಾಕೆ ಯಾರೂ ಕಲಿಸ್ಲಿಲ್ಲ?’ ಎಂದು ನೊಹೆಯಾ ಮೊನ್ನೆ ಕೇಳಿದಳು. ಆಗ ಕಾಲ ಹಾಗಿತ್ತು ಎಂದೆ. ಸುಳ್ಳು. ಕಾವಿಕಾನಿಗೆ ಐದು ವರ್ಷವಿದ್ದಾಗ ಅವನು ನಿನ್ನ ತೊಡೆಯ ಮೇಲೆ ಕೂತು, ನಮ್ಮ ಮಾತಿನಲ್ಲಿ, ಒಂದು ತಪ್ಪಿಲ್ಲದೆ ನಿನಗೆ ಶಾರ್ಕಿನ ಕಥೆ ಹೇಳುತ್ತಿದ್ದ. ನಾನು ಅವನನ್ನು ಎಳೆದು ಕೆನ್ನೆಗೆ ಬಾರಿಸಿದೆ. ‘ನನ್ನ ಮಗನನ್ನ ಹಾಳು ಮಾಡ್ಬೇಡ, ಹೊರಡು’ ಎಂದು ನಿನ್ನನ್ನು ಕಳಿಸಿದೆ. ಅವನಿಗೆ ಅದು ನೆನಪಿಲ್ಲ. ಆ ಮಾತು ತನಗೆ ಎಂದೂ ಬರುತ್ತಲೇ ಇರಲಿಲ್ಲ ಎಂದುಕೊಂಡು, ಮಗಳ ಎದುರು ತಲೆತಗ್ಗಿಸಿ ಕೂರುತ್ತಾನೆ. ಅವನಿಗೆ ನಿಜ ಹೇಳಬೇಕು. ನೀನು ಬಂದು ಪಕ್ಕದಲ್ಲಿ ಕೂರು, ನನ್ನೊಬ್ಬನಿಂದ ಆಗುವುದಿಲ್ಲ.