ತೋಟೆಗೆ ಹಚ್ಚಿದ ಎಣ್ಣೆ

ಡುಬಾಯ್ಸ್, ವಯೋಮಿಂಗ್
ನವೆಂಬರ್ ೬, ೧೯೯೪

ಪ್ರೀತಿಯ ಹಾರ್ಲನ್,

ನೆಬ್ರಾಸ್ಕಾದಲ್ಲಿ ನೀನೂ ಮಗಳು ಜೋಲೀನಳೂ ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ. ಅವಳು ಕಳಿಸಿದ್ದ ಕ್ರಿಸ್ಮಸ್ ಕಾರ್ಡು ಇನ್ನೂ ಫ್ರಿಜ್ಜಿನ ಬಾಗಿಲಲ್ಲೇ ಇದೆ. ಮುಂದಿನ ಕ್ರಿಸ್ಮಸ್ ಹತ್ತಿರ ಬಂದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ ಇಬ್ಬರೂ. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ. ದುಃಖಕ್ಕೆ ಅಂತಲೂ ಅಲ್ಲ. ಹಲ್ಲು ಕೀಳಿಸಿಕೊಂಡು ಬಂದಾಗ ದವಡೆ ಮರಗಟ್ಟಿರುತ್ತದಲ್ಲ, ನೀರು ಕುಡಿದರೆ ಗಲ್ಲದ ಮೇಲೆ ಸುರಿಯುವುದೂ ಗೊತ್ತಾಗುವುದಿಲ್ಲ, ಹಾಗೆ ಇದ್ದೇನೆ.

ಇಲ್ಲಿ ಹಿಮ ಬೇಗ ಬಿತ್ತು. ಕಂದು ಕುದುರೆಯನ್ನು ಕೊಟ್ಟುಬಿಟ್ಟೆ, ಮುದಿ ಹೆಣ್ಣುಕುದುರೆ ಮಾತ್ರ ಇದೆ. ಈ ವರ್ಷ ಎಲ್ಕ್ ಕಡವೆಯ ಬೇಟೆಗೆ ಪರವಾನಗಿ ನನ್ನ ಹೆಸರಿಗೆ ಬಂತು. ನಗಬೇಡ. ಅಂಗಡಿಯ ದನದ ಮಾಂಸ ನನಗೆ ಒಗ್ಗುವುದಿಲ್ಲವೆಂದು ನಿನಗೇ ಗೊತ್ತು, ಬೇಟೆಯಾಡಿ ತಂದುಕೊಡುತ್ತಿದ್ದ ನಿನ್ನಣ್ಣ ಈಗ ಇಲ್ಲ. ಕೋವಿ ಹೊಡೆಯಲು ಬರುತ್ತದೆ, ಹಾರಿಸಿದ ಖಾಲಿ ತೋಟೆಗೆ ಮತ್ತೆ ಮದ್ದುಗುಂಡು ತುಂಬಲು ಬರುತ್ತಿರಲಿಲ್ಲ. ಅದಕ್ಕೇ ಜುಲೈಯಲ್ಲಿ ಗ್ಯಾರೇಜಿನ ಬಾಗಿಲು ತೆಗೆದೆ. ನೀವು ಅಣ್ಣತಮ್ಮ ಕೂರುತ್ತಿದ್ದ ಆ ಬೆಂಚು, ತೋಟೆ ಒತ್ತುವ ಪ್ರೆಸ್ಸು, ಖಾಲಿ ತೋಟೆ ತುಂಬಿದ ಕಾಫಿ ಡಬ್ಬಿ, ಎಲ್ಲ ಇದ್ದಲ್ಲೇ ಇತ್ತು. ಟ್ರಾಕ್ಟರಿನ ತುಕ್ಕು ಬಿಡಿಸುವ ಎಣ್ಣೆಯ ಡಬ್ಬವೂ ಇತ್ತು.

ನೀನು ಊರು ಬಿಟ್ಟ ಕಾರಣ ನನಗೆ ಗೊತ್ತು, ಹಾರ್ಲನ್. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಹೋದ ವರ್ಷ ರಾಯ್ಸನನ್ನು ಮಣ್ಣು ಮಾಡಿ ಬಂದು ಚರ್ಚಿನ ಹಾಲಿನಲ್ಲಿ ಎಲ್ಲರೂ ಊಟಕ್ಕೆ ನಿಂತಿದ್ದಾಗ ನೆರೆಮನೆಯ ವರ್ಜಿಲ್ ಆಡಿದ ಮಾತು ನಮ್ಮಿಬ್ಬರ ಕಿವಿಗೂ ಬಿತ್ತು. "ಕರಡಿ ಮೈಮೇಲೆ ಬಂದಾಗ ರಾಯ್ಸ್ ಟ್ರಿಗರ್ ಎಳೆದವ್ನೇ, ಕೋವಿ ಟಿಕ್ ಅಂತು ಅಷ್ಟೇ. ತೋಟೆ ತುಂಬಿದ್ದು ತಮ್ಮ ತಾನೆ? ತೋಟೆಗೆ ಹಚ್ಚೋ ಮೇಣ ಮುಗೀತು ಅಂತ ಟ್ರಾಕ್ಟರ್ ಎಣ್ಣೆ ಹಚ್ಚಿದ್ನಂತೆ. ಅದು ಮದ್ದಿಗೆ ಕಿಡಿ ಕೊಡೋ ಕೇಪಿಗೆ ಇಳೀತೋ, ಮುಗೀತು ಕತೆ." ಮೇಣವಿಲ್ಲದಿದ್ದರೆ ಆ ಎಣ್ಣೆಯೇ ಸಾಕು ಬಿಡೋ ಎಂದವನು ನಿನ್ನಣ್ಣನೇ ಎಂದು ನೀನು ಒಂದು ಮಾತು ಹೇಳಬಹುದಿತ್ತು. ನೀನು ತಟ್ಟೆಯನ್ನು ಹಾಗೇ ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ಹೋದೆ.

ಇರಲಿ. ನಾನು ತೋಟೆ ತುಂಬಿದ ಚಂದ ಕೇಳು. ಮೊದಲ ಖಾಲಿ ತೋಟೆಯನ್ನು ಅಚ್ಚಿಗೆ ಹಾಕಿ ಪ್ರೆಸ್ಸಿನ ಹಿಡಿಕೆ ಒತ್ತಿದೆ. ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಹಿಡಿಕೆಗೆ ಜೋತುಬಿದ್ದು ಎಳೆದರೆ ತೋಟೆಯ ಬುಡದ ಅಂಚು ಕಿತ್ತು ಬಂತು, ಮೈ ಅಚ್ಚಿನೊಳಗೇ ಕಚ್ಚಿಕೊಂಡಿತು. ಅಚ್ಚನ್ನು ಬಿಚ್ಚಿಕೊಂಡು ಡೆಲ್ಬರ್ಟನ ಕೋವಿ ಅಂಗಡಿಗೆ ಹೋದೆ. ಅವನು ಕನ್ನಡಕ ಹಣೆಗೇರಿಸಿ ನೋಡಿದ.

"ಏನು ಹಚ್ಚಿದ್ದೆ ಆರ್ಡಿತ್?"

"ಏನೂ ಇಲ್ಲ."

"ಅಯ್ಯೋ ಪುಣ್ಯಾತ್ಗಿತ್ತಿ! ಒಂದ್ಸಲ ಹಾರಿದ ತೋಟೆಯ ಹಿತ್ತಾಳೆ ಉಬ್ಬಿರತ್ತೆ, ಅಚ್ಚು ಅದನ್ನ ಹಿಂಡಿ ಮೊದಲಿನ ಅಳತೆಗೆ ತರ್ಬೇಕು. ಜಿಡ್ಡಿಲ್ದೆ ಹಾಕಿದ್ರೆ ಕಚ್ಕೊಳ್ದೆ ಇನ್ನೇನು ಮಾಡತ್ತೆ?"

"ಮತ್ತೆ ಯಾವುದು ಹಚ್ಚಲಿ?"

ಕೌಂಟರಿನ ಮೇಲೆ ಮೂರು ಬಗೆ ತಂದಿಟ್ಟ. ಒಂದು, ಪಿಚಕಾರಿಯಂತೆ ಹೊಡೆಯುವುದು. "ಬೇಗ ಆಗತ್ತೆ, ಆದ್ರೆ ಒಣಗೋಕೆ ಬಿಡಬೇಕು. ನಿಂಗೆ ತಾಳ್ಮೆ ಇಲ್ಲ." ಇನ್ನೊಂದು ಎಣ್ಣೆ, ಮೆತ್ತೆಯ ಮೇಲೆ ಸುರಿದು ತೋಟೆ ಹೊರಳಿಸುವುದು. ಅದನ್ನು ಅವನ ಬೆಂಚಿನಲ್ಲೇ ಮಾಡಿನೋಡಿದೆ. ಧಾರಾಳವಾಗಿ ಸುರಿದಿದ್ದೆ, ತೋಟೆಯ ಕುತ್ತಿಗೆಯ ಕೆಳಗೆ, ಭುಜದಲ್ಲಿ, ಬೇಳೆಯಷ್ಟು ತಗ್ಗು ಬಿತ್ತು. "ಜಾಸ್ತಿ ಆದ್ರೆ ಎಣ್ಣೆಗೆ ಹೋಗೋಕೆ ಜಾಗ ಇರಲ್ಲ, ಹಿತ್ತಾಳೇನೇ ಒಳಕ್ಕೆ ತಳ್ಳತ್ತೆ. ಕೈಯಳತೆ ಬೇಕಮ್ಮ, ಉಪ್ಪಿನ ಥರ," ಎಂದ.

ಮೂರನೆಯದು ಕುರಿಯುಣ್ಣೆಯ ಜಿಡ್ಡಿನಿಂದ ಮಾಡಿದ ಮೇಣ. ಬೆರಳ ತುದಿಗೆ ಸವರಿಕೊಂಡು ತೋಟೆಯನ್ನು ಒಂದು ಸುತ್ತು ತಿರುವಿದರೆ ಆಯಿತು. ನನಗೆ ಅದೇ ಸರಿಹೋಯಿತು. ಅಪ್ಪನ ಕೊಟ್ಟಿಗೆಯಲ್ಲಿ ಉಣ್ಣೆ ಕತ್ತರಿಸುವ ದಿನ ಕೈಯೆಲ್ಲ ಹೀಗೇ ನುಣ್ಣಗಾಗುತ್ತಿತ್ತು. ಒತ್ತಿದ ಮೇಲೆ ಬಟ್ಟೆಯಿಂದ ಒರೆಸಿಬಿಡಬೇಕು, ಮರೆಯಬಾರದು. ಈಗ ಒಂದೂ ಕಚ್ಚಿಕೊಳ್ಳುವುದಿಲ್ಲ, ತಗ್ಗೂ ಬೀಳುವುದಿಲ್ಲ. ಇದೊಂದು ಕೆಲಸ ಮಾಡುವಾಗ ತಲೆಯಲ್ಲಿ ಏನೂ ಇರುವುದಿಲ್ಲ. ಒಳ್ಳೆಯದೇ.

ಆದರೆ ನಿನಗೆ ಬರೆಯಬೇಕೆಂದದ್ದು ಮೇಣದ ವಿಷಯವಲ್ಲ. ಆ ದಿನ ಹೊರಡುವ ಮೊದಲು ಡೆಲ್ಬರ್ಟನನ್ನು ಕೇಳಿದೆ, "ಟ್ರಾಕ್ಟರ್ ಎಣ್ಣೆ ಕೇಪನ್ನು ಕೊಲ್ಲುತ್ತದೆಯೇ?" ಅವನು ಡಬ್ಬಿಗಳನ್ನು ಜೋಡಿಸಿಟ್ಟ. "ಜನ ಹಾಗಂತಾರೆ. ನಾನು ನೋಡಿಲ್ಲ."

"ಹಾಗಾದ್ರೆ ನೋಡೋಣ," ಎಂದೆ.

ಮನೆಗೆ ಬಂದು ಒಂದು ಹಿಡಿ ಖಾಲಿ ತೋಟೆ ತೆಗೆದುಕೊಂಡೆ. ಅದೇ ಡಬ್ಬದ ಎಣ್ಣೆಯನ್ನು ಒಳಗೂ ಹೊರಗೂ ಹೊಡೆದೆ. ಅಚ್ಚಿಗೆ ಒತ್ತಿದೆ. ಬೇಕೆಂದೇ ಒರೆಸಲಿಲ್ಲ. ಎಣ್ಣೆಯ ಮೇಲೆಯೇ ಕೇಪು ಕೂರಿಸಿದೆ. ಮದ್ದು, ಗುಂಡು ಏನೂ ಹಾಕಲಿಲ್ಲ. ನೀನು ತುಂಬಿದ ತೋಟೆಗಳು ಬೇಸಿಗೆಯಿಂದ ಅಕ್ಟೋಬರಿನವರೆಗೆ ಕಾದಿದ್ದವು, ಇವೂ ಕಾಯಲಿ ಎಂದು ಶೆಲ್ಫಿನ ಮೇಲಿಟ್ಟೆ. ಹಿಮ ಬಿದ್ದ ವಾರ ಅವನ್ನು ತೆಗೆದುಕೊಂಡು ಹೋದೆ. ಡೆಲ್ಬರ್ಟ್ ಅಂಗಡಿಯ ಹಿಂದಿನ ಬಯಲಿಗೆ ತನ್ನ ಕೋವಿ ತಂದ. ವರ್ಜಿಲನನ್ನೂ ಕರೆಸಿದ್ದೆ.

"ಇದೇನು ಹುಚ್ಚಾಟ ಆರ್ಡಿತ್, ಚಳೀಲಿ," ಅಂದ ವರ್ಜಿಲ್.

"ಚರ್ಚಿನಲ್ಲಿ ಬಾಯಿ ಬಿಚ್ಚಿದ್ದೆಯಲ್ಲ, ಈಗ ಬಾಯಿ ಮುಚ್ಚಿಕೊಂಡು ಕೇಳು," ಅಂದೆ.

ಮೊದಲನೆಯದು ಟಪ್ ಎಂದಿತು. ಎರಡನೆಯದೂ. ಒಂದಾದ ಮೇಲೊಂದು ಎಲ್ಲವೂ ಹಾರಿದವು ಹಾರ್ಲನ್, ಒಂದೂ ಬಿಡದೆ. ವರ್ಜಿಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಾನು ಹಾಗನ್ನಬಾರದಿತ್ತು," ಎಂದ. "ನನಗೆ ಹೇಳಬೇಡ, ಹಾರ್ಲನ್‌ಗೆ ಹೇಳು," ಎಂದು ಬಂದೆ. ಅವನ ಕಾಗದ ನಿನಗೆ ಬಂದೀತು, ಕೈಬರಹ ಕೆಟ್ಟದಾಗಿರುತ್ತದೆ, ಓದು.

ನಿನ್ನ ಎಣ್ಣೆ ಏನೂ ಮಾಡಲಿಲ್ಲ. ಇದನ್ನು ನೀನು ತಿಳಿದಿರಬೇಕು. ಆ ದಿನ ಆಚೆ ದಿಣ್ಣೆಯಿಂದ ಓಡಿ ಬಂದು ರಾಯ್ಸನನ್ನು ಮೊದಲು ಕಂಡವನು ನೀನು. ಅದೊಂದು ಭಾರ ಸಾಕು, ಇನ್ನೊಂದು ಬೇಡ. ನಾನು ಈ ಮನೆಗೆ ಮದುವೆಯಾಗಿ ಬಂದಾಗ ನೀನಿನ್ನೂ ಶಾಲೆಗೆ ಹೋಗುತ್ತಿದ್ದೆ, ಊಟದ ಡಬ್ಬಿ ಕಟ್ಟಿಕೊಟ್ಟವಳು ನಾನು. ಆ ಸಲಿಗೆಯಿಂದ ಹೇಳುತ್ತಿದ್ದೇನೆ, ಈ ತಿಂಗಳ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಬಾ. ಜೋಲೀನಳನ್ನೂ ಕರೆದುಕೊಂಡು ಬಾ. ದೇವರು ನಿನ್ನ ಎದೆಯನ್ನು ಹಗುರ ಮಾಡಲಿ, ಕಣ್ಣಿಗೆ ನಿದ್ದೆ ಕೊಡಲಿ.

ನಿನ್ನ ಅತ್ತಿಗೆ,
ಆರ್ಡಿತ್

ಮರೆತದ್ದು: ಮರೆತದ್ದಲ್ಲ, ಬರೆಯಬಾರದು ಅಂದುಕೊಂಡಿದ್ದೆ. ರಾಯ್ಸನ ಕೋವಿಯನ್ನು ಶೆರಿಫ್ ಕಚೇರಿಯವರು ಹೋದ ವಾರ ಹಿಂತಿರುಗಿಸಿದರು. ಅದರಲ್ಲಿ ಸಿಕ್ಕ ತೋಟೆಯ ಕೇಪಿನ ಮೇಲೆ ಉಗುರು ತಾಗಿದಷ್ಟೇ ಗುರುತಿತ್ತು. ಡೆಲ್ಬರ್ಟ್ ಕೋವಿಯ ಬೋಲ್ಟ್ ಬಿಚ್ಚಿದ. ಒಳಗೆ ಗ್ರೀಸು ತುಂಬಿತ್ತು, ಚಳಿಗೆ ಗಟ್ಟಿ ಬೆಣ್ಣೆಯಾಗಿತ್ತು. "ಕೇಪಿಗೆ ಹೊಡೀಬೇಕಾದ ಸೂಜಿ ಓಡೇ ಇಲ್ಲಮ್ಮ. ಕೇಪಿಗೆ ಪೆಟ್ಟೇ ಬಿದ್ದಿಲ್ಲ," ಎಂದ. ಆ ಗ್ರೀಸು ತುಂಬಿದವನು ರಾಯ್ಸ್. ಅಡುಗೆಮನೆಯ ಮೇಜಿನ ಮೇಲೆ ಪೇಪರು ಹಾಸಿಕೊಂಡು, ಸಿಳ್ಳೆ ಹಾಕುತ್ತ, ನನ್ನೆದುರಿಗೇ. ವರ್ಷವಿಡೀ ನಾನು ನಿನ್ನನ್ನು ಬೈದುಕೊಂಡೇ ಎದ್ದೆ, ಬೈದುಕೊಂಡೇ ಮಲಗಿದೆ. ಆ ಬಯಲಿನಲ್ಲಿ ಒಂದಾದರೂ ಕೇಪು ಹಾರದೆ ಉಳಿಯಲಿ ಎಂದು ಕಾದೆ. ನಿನ್ನನ್ನಾದರೆ ಎಂದಾದರೂ ಕ್ಷಮಿಸಬಹುದಿತ್ತು. ಅವನನ್ನು ಹೇಗೆ ಕ್ಷಮಿಸುವುದೋ ನನಗೆ ತಿಳಿಯುತ್ತಿಲ್ಲ, ಹಾರ್ಲನ್.