ಮೇಪಲ್ ಮರದ ಸುಣ್ಣದುಂಗುರ

ಶುಭ ಶುಕ್ರವಾರ, ಸಂಜೆ

ಗಿಡಿಯನ್,

ಕರ್ತನ ಕೃಪೆ ನಿನ್ನ ಹೊಸ ಮನೆಯ ಹೊಸ್ತಿಲ ಮೇಲೂ ಇರಲಿ.

ಇವತ್ತು ಉಪವಾಸ. ಮೂರು ಗಂಟೆಯ ಪ್ರಾರ್ಥನೆ ಮುಗಿಯುವವರೆಗೆ ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಲಿಲ್ಲ. ಬೆಳಿಗ್ಗೆ ಎದ್ದು ಒಲೆಯ ಬೂದಿ ತೆಗೆದೆ, ಕೋಳಿ ಬಿಟ್ಟೆ, ಆಂಬ್ರೋಸಣ್ಣನ ಗಡ್ಡಕ್ಕೆ ಬಿಸಿನೀರು ಇಟ್ಟೆ. ಹಿಟ್ಟು ನಾದಿ, ಬನ್ನುಗಳ ನೆತ್ತಿಯ ಮೇಲೆ ಶಿಲುಬೆ ಗೀರಿ ಬೇಯಿಸಿದೆ. ಈ ದಿನ ಬಟ್ಟೆ ಒಗೆಯುವ ಹಾಗಿಲ್ಲ, ಅದೊಂದು ಬಿಡುವು. ಆದರೆ ಆಲೂಗಡ್ಡೆ ಬಿತ್ತಲೇಬೇಕಲ್ಲ. ನಾನು ಮಂಡಿಯೂರಿ ಗುಣಿ ತೋಡುತ್ತಿದ್ದರೆ ಅಣ್ಣ ಕಿಟಕಿಯಲ್ಲಿ ಕುಳಿತು ಕೋಲು ತೋರಿಸುತ್ತಿದ್ದ. "ಆ ಸಾಲು ಹಾವಿನ ಥರ ಹೋಗ್ತಿದೆ ಕಣೇ! ಇವತ್ತೊಂದು ದಿನ ಸೈತಾನ ಮಣ್ಣಿಗೆ ಕೈ ಹಾಕಲ್ಲ ಅಂತಾರೆ. ಅವನ ಕೆಲಸ ಮಾಡೋಕೆ ನೀನಿದೀಯಲ್ಲ."

ಹಿಲ್ಡಾಳ ಕೈಲಿ ನೀನು ಹೇಳಿ ಕಳಿಸಿದ ಮಾತಿಗೆ ಉತ್ತರ ಬರೆಯಲು ಕುಳಿತಿದ್ದೇನೆ. ಚರ್ಚಿನ ಗಂಟೆ ಹೊಡೆಯುವವನ ಹೆಂಡತಿಯಾದರೂ ಹಿಲ್ಡಾ ಗುಟ್ಟು ಕಾಯುವವಳು. ನಿನ್ನ ಮಾತನ್ನು ನಿನ್ನ ದನಿಯಲ್ಲೇ ನನ್ನ ಕಿವಿಗೆ ಹಾಕಿದಳು: "ಈಸ್ಟರ್ ಒಳಗೆ ಹೌದು ಅನ್ನು, ಇಲ್ಲಾ ಇಲ್ಲ ಅನ್ನು. ಇಲ್ಲ ಅಂದ್ರೆ ಕೋಪ ಮಾಡ್ಕೊಳಲ್ಲ. ಆದ್ರೆ ಇನ್ನೊಂದು ಸಲ ಕೇಳೋ ವಯಸ್ಸಲ್ಲ ನಂದು." ಅಂದಿನಿಂದ ಆ ಮಾತನ್ನು ಹಾಲಿನ ಕೊಡದ ಜೊತೆ, ಕಸದ ಬುಟ್ಟಿಯ ಜೊತೆ ಹೊತ್ತುಕೊಂಡೇ ತಿರುಗಿದ್ದೇನೆ. ಅಂಚೆಗೆ ಹಾಕುವ ಹಾಗಿಲ್ಲ. ಅಂಚೆಯವನು ಬರುವ ಕಾಗದವನ್ನೂ ಹೋಗುವ ಕಾಗದವನ್ನೂ ಅಣ್ಣನ ಕಿಟಕಿಯಲ್ಲೇ ಕೊಟ್ಟು ತೆಗೆದುಕೊಳ್ಳುತ್ತಾನೆ. ಅಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಮುಂದಿನ ದಾರಿ.

ಈ ಮನೆ ಹೇಗಿದೆ ಎಂದು ನಿನಗೆ ಗೊತ್ತು. ಯುದ್ಧ ಮುಗಿದ ವರ್ಷ ಹುಲ್ಲಿನ ಬಂಡಿಯಿಂದ ಬಿದ್ದು ಅಣ್ಣನ ಸೊಂಟ ಮುರಿಯಿತು. ಆ ಚಳಿಗಾಲದಲ್ಲೇ ಅಮ್ಮ ಹಾಸಿಗೆ ಹಿಡಿದಳು. ಪ್ರಾರ್ಥನೆಯ ಪುಸ್ತಕದ ಮೇಲೆ ನನ್ನ ಕೈ ಇರಿಸಿ, "ಅವನು ತನ್ನ ಕಾಲ ಮೇಲೆ ನಿಲ್ಲೋವರೆಗೂ ಅವನ ಕೈ ಬಿಡಬೇಡ ತಿರ್ಜಾ," ಅಂದಳು. ಬಿಡಲ್ಲಮ್ಮ ಅಂದೆ. ಆಮೇಲೆ ಡಾಕ್ಟರು ಮೂಳೆ ಕೂಡಿದೆ, ನಡೆಯಿರಿ ಎಂದರು. "ಅವರ ಮೂಳೆ ಕೂಡಿರಬೇಕು," ಅಂದ ಅಣ್ಣ, ಕುರ್ಚಿ ಬಿಟ್ಟು ಏಳಲಿಲ್ಲ. ಹಾಸಿಗೆಗೆ ಹೋಗಬೇಕಾದರೂ ನನ್ನ ಹೆಗಲು ಬೇಕು. ಅವನ ಕೋಲು ನೆಲಕ್ಕೆ ಒಂದು ಸಲ ಬಡಿದರೆ ಚಹಾ, ಎರಡು ಸಲ ಬಡಿದರೆ ಕಂಬಳಿ, ಬಡಿಯುತ್ತಲೇ ಇದ್ದರೆ ನಾನು. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಗಡಿಯಾರ ನೋಡಿಕೊಂಡು ಕೂತಿರುತ್ತಾನೆ. ಬೈಯುವುದಿಲ್ಲ. "ಬಂದ್ಯಾ? ನಾನು ಸತ್ತಿದ್ರೆ ಈ ಹೊತ್ತಿಗೆ ತಣ್ಣಗಾಗಿರ್ತಿದ್ದೆ," ಅನ್ನುತ್ತಾನೆ, ಅಷ್ಟೇ. ನಗು ಬರುವ ಹಾಗೆಯೇ ಅನ್ನುತ್ತಾನೆ. ನಕ್ಕೂ ನಕ್ಕೂ ನನ್ನ ಸುತ್ತ ಬೇಲಿ ಎದ್ದದ್ದು ನನಗೇ ತಿಳಿಯಲಿಲ್ಲ.

ವರ್ಷಕ್ಕೊಂದೇ ದಿನ, ಶುಭ ಶುಕ್ರವಾರ, ಅಣ್ಣ ನನ್ನನ್ನು ಕಾಡಿಗೆ ಬಿಡುತ್ತಿದ್ದ. ಈಸ್ಟರ್‌ಗೆ ಚರ್ಚಿನ ಕಿಟಕಿಗಳಿಗೆ ಪ್ರಿಮ್‌ರೋಸ್ ಹೂವೂ ಪಾಚಿಯೂ ಬೇಕು. ದೇವರ ಕೆಲಸಕ್ಕೆ ಬೇಡ ಅನ್ನಲು ಅವನಿಗೂ ಬಾಯಿ ಬರದು. ಬೇರೆ ಹೆಂಗಸರು ರಸ್ತೆಯ ಬದುವಿನಲ್ಲೇ ಕಿತ್ತುಕೊಂಡು ಹೋಗುತ್ತಿದ್ದರು. ನಾನು ಮಗುವಾಗಿದ್ದಾಗ ಅಮ್ಮ ನನ್ನನ್ನು ಕೂರಿಸುತ್ತಿದ್ದ ಹಳೆಯ ತಳ್ಳುಗಾಡಿ ತಳ್ಳಿಕೊಂಡು ಒಳಗೆ, ನೀನು ಹಿಂದಿನ ಚಳಿಗಾಲ ತಟ್ಟಿ ಹೆಣೆಯಲೆಂದು ಹೇಜಲ್ ಪೊದೆಗಳನ್ನು ಬುಡಕ್ಕೆ ಕಡಿದ ಭಾಗಕ್ಕೆ ಬರುತ್ತಿದ್ದೆ. ಬಿಸಿಲು ಬಿದ್ದ ಆ ನೆಲದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ತಿಳಿಹಳದಿ ಹೂ. ಬೊಡ್ಡೆಗಳಿಂದ ಬೆರಳುದ್ದದ ಹೊಸ ಚಿಗುರು. ನೆತ್ತಿಯ ಮೇಲೆ ಓಕ್ ಮರಗಳಿಗೆ ಇನ್ನೂ ಎಲೆ ಬಂದಿರುತ್ತಿರಲಿಲ್ಲ, ಆಕಾಶವೆಲ್ಲ ಕಾಣುತ್ತಿತ್ತು. ಆ ದಿನ ಮರಕ್ಕೆ ಕಬ್ಬಿಣ ಮುಟ್ಟಿಸಬಾರದೆಂದು ನೀನು ಮಚ್ಚು ಮನೆಯಲ್ಲಿ ಬಿಟ್ಟು, ಮೇಪಲ್ ಮರದ ಕೆಳಗೆ ಸುಮ್ಮನೆ ಕುಳಿತಿರುತ್ತಿದ್ದೆ. ನಿನ್ನ ಕೈ ಖಾಲಿ ಇರುವುದನ್ನು ನಾನು ನೋಡಿದ್ದು ಆ ದಿನಗಳಲ್ಲಿ ಮಾತ್ರ. ಒಂದು ವರ್ಷ ನಾನು, ಪ್ರತಿ ಸಲ ಈ ಮರದ ಸುತ್ತಲೇ ಹೇಗೆ ಹೂ ಬಿಡುತ್ತೆ ಎಂದು ಕೇಳಿದ್ದಕ್ಕೆ ನೀನು ಕಿವಿಯವರೆಗೂ ಕೆಂಪಾಗಿ ಹೇಳಿದ್ದೆ: "ಹೂ ತಾನಾಗಿ ಬಿಡಲ್ಲ ತಿರ್ಜಾ. ಬಿಸಿಲು ಬಿದ್ದ ಕಡೆ ಬಿಡುತ್ತೆ. ನೀನು ಎಲ್ಲಿ ಬಂದು ಕೂರ್ಬೇಕೋ ಅದರ ಆಸುಪಾಸಲ್ಲೇ ಕಡೀತಾ ಬಂದಿದೀನಿ."

ನಿನ್ನ ತಟ್ಟಿಗಳ ಮಾತನ್ನೂ ನಾನು ಮರೆತಿಲ್ಲ. ಕುರಿ ಕೂಡಲು ನೀನು ಹೆಣೆಯುವ ತಟ್ಟಿಯ ನಡುವೆ ಒಂದು ತೂತು ಬಿಡುತ್ತೀಯಲ್ಲ. ಇಷ್ಟು ಬಿಗಿಯಾಗಿ ಹೆಣೆದು ಅದೇಕೆ ಅಲ್ಲಿ ಕೈಬಿಟ್ಟೆ ಎಂದು ನಾನು ಕೇಳಿದ್ದೆ. "ಅದು ಕುರಿಗಲ್ಲ, ಕುರುಬನಿಗೆ. ಕೋಲು ತೂರಿಸಿ ಬೆನ್ನಿಗೆ ಹಾಕ್ಕೊಂಡು ಹೊರಡೋಕೆ. ಹೊತ್ಕೊಂಡು ಹೋಗೋಕೆ ಬರದೆ ಇರೋ ತಟ್ಟಿ ತಟ್ಟಿಯಲ್ಲ, ಗೋಡೆ," ಅಂದಿದ್ದೆ ನೀನು. ಹೋದ ವರ್ಷ ಕಾಡು ಮಾರಾಟವಾದ ಸುದ್ದಿ ಹೇಳಿ, ಗುಡ್ಡದಾಚೆ ಕೆಲಸ ಸಿಕ್ಕಿದೆ, ಬರುತ್ತೀಯಾ ಎಂದು ಕೇಳಿದ್ದು ಅದೇ ಜಾಗದಲ್ಲಿ. ನಾನು ಅಮ್ಮನಿಗೆ ಕೊಟ್ಟ ಮಾತು ಹೇಳಿದೆ. ನೀನು ಟೋಪಿ ತಿರುಗಿಸುತ್ತಾ ಕುಳಿತೆಯೇ ಹೊರತು ಅಮ್ಮನ ಮೇಲೆ ಒಂದು ಮಾತೂ ಆಡಲಿಲ್ಲ.

ಕೋಲು ಬಡಿಯುತ್ತಿದೆ. ಬಂದೆ.

ಕಂಬಳಿ ಜಾರಿತ್ತು. ಹೊದಿಸಿ ಬಂದೆ. "ಅಡುಗೆಮನೇಲಿ ಏನ್ ಗೀಚ್ತಾ ಇದೀಯ?" ಎಂದ. ಹೂವಿನ ಲೆಕ್ಕ ಎಂದೆ. ಶುಭ ಶುಕ್ರವಾರ ಸುಳ್ಳು ಹೇಳಿದೆ, ಕರ್ತನೇ ನೋಡಿಕೊಳ್ಳಲಿ. ಮುಂದೆ ಕೇಳು.

ಇವತ್ತು ಬನ್ನುಗಳನ್ನು ಅಣ್ಣನ ಕೈಗೆ ಸಿಗದ ಹಾಗೆ ಪಾತ್ರೆ ಕಪಾಟಿನ ನೆತ್ತಿಯ ಮೇಲಿಟ್ಟು ಕಾಡಿಗೆ ಹೋದೆ. ಉಪವಾಸ ಮುಗಿಯುವವರೆಗೆ ಮುಟ್ಟಬಾರದು ಎಂದು ಪ್ರತಿ ವರ್ಷವೂ ಹೇಳುತ್ತೇನೆ, ಪ್ರತಿ ವರ್ಷವೂ ಅವನು, "ನಾನು ಹೇಗಪ್ಪಾ ಮುಟ್ಲಿ, ಹಾರಿ ಹೋಗಿ?" ಅನ್ನುತ್ತಾನೆ.

ಕಾಡಿನ ಬಾಗಿಲಲ್ಲೇ ನೆಲ ಕೆಸರೆದ್ದಿತ್ತು. ದೊಡ್ಡ ಚಕ್ರಗಳ ಗುರುತು. ಒಳಗೆ ನಡೆದ ಹಾಗೆ ಆ ಎರಡೇ ಸ್ವರದ ಹಕ್ಕಿ ಕೂಗುತ್ತಿತ್ತು, ಹೂವೂ ಇತ್ತು. ನೀನಿಲ್ಲ. ಇರುವುದಿಲ್ಲವೆಂದು ಗೊತ್ತಿದ್ದೂ ಮೇಪಲ್ ಮರದ ಕಡೆ ನೋಡಿದೆ. ಮರದ ಸೊಂಟಕ್ಕೆ ಸುಣ್ಣದ ಉಂಗುರ! ಹಸಿ ಹಸಿ ಬೆಳ್ಳಗಿತ್ತು.

ನಮ್ಮ ಕಾಡಿನಲ್ಲಿ ಸುಣ್ಣದ ಉಂಗುರ ಎಂದರೆ ಏನು ಎಂದು ನನಗೆ ನೀನೇ ಕಲಿಸಿದ್ದು. ಸುತ್ತ ಎಲ್ಲ ಕಡಿ, ಇದನ್ನು ಮಾತ್ರ ನಿಂತಲ್ಲೇ ನಿಲ್ಲಲು ಬಿಡು. ನಿನ್ನ ತಂದೆಯೂ ಹಾಗೆಯೇ ಗುರುತು ಹಾಕುತ್ತಿದ್ದರು. ನಾನು ಅಲ್ಲೇ ಬೊಡ್ಡೆಯ ಮೇಲೆ ಕುಳಿತುಬಿಟ್ಟೆ. ನೀನೇ ಬಂದು ಹಾಕಿ ಹೋಗಿದ್ದೀಯ ಎಂದುಕೊಂಡೆ. ನನ್ನಿಂದ ಉತ್ತರ ಬಾರದ್ದಕ್ಕೆ ನೀನೇ ಉತ್ತರ ಬರೆದುಬಿಟ್ಟಿದ್ದೀಯ: ಇರಲಿ ತಿರ್ಜಾ, ನಿಂತಲ್ಲೇ ನಿಲ್ಲು. ನಿಜವಾಗಿ ನನಗೆ ಹಗುರವಾಗಬೇಕಿತ್ತು, ಅಲ್ಲವೇ? ಅಮ್ಮನ ಮಾತೂ ಉಳಿಯಿತು, ನಿನ್ನ ಮನಸ್ಸನ್ನು ನನ್ನ ಬಾಯಿಂದ ಮುರಿಯುವುದೂ ತಪ್ಪಿತು. ಆದರೆ ಗಿಡಿಯನ್, ಎದೆಯ ಮೇಲೆ ಚಪ್ಪಡಿ ಎಳೆದ ಹಾಗಾಯಿತು. ಸುತ್ತಲ ಕಾಡು ಬಯಲಾಗಿ, ಆ ಮರವೊಂದೇ ಗಾಳಿಗೆ ನಿಂತಂತೆ, ನಾನು ಆ ಮನೆಯಲ್ಲಿ ಕೋಲಿನ ಸದ್ದು ಕೇಳುತ್ತಾ ಮುದುಕಿಯಾಗುವುದು ಕಣ್ಣಿಗೆ ಕಟ್ಟಿತು. ಹೂ ಕೀಳಲು ಕೈ ಏಳಲಿಲ್ಲ. ಅತ್ತೆ. ನಾನು ಅಳುವವಳಲ್ಲ ಎಂದು ನಿನಗೆ ಗೊತ್ತು.

ಅಷ್ಟರಲ್ಲಿ ಸುಣ್ಣದ ಡಬ್ಬ ಹಿಡಿದು ಒಬ್ಬ ಬಂದ. ಹೊಸ ಮಾಲೀಕರ ಕಡೆಯವನು, ಬೇರೆ ಜಿಲ್ಲೆಯ ಮಾತು. "ಏನಮ್ಮಾ, ಬಿದ್ದು ಗಿದ್ದು ಬಿಟ್ರಾ?" ಎಂದ. ಈ ಉಂಗುರ ಯಾರು ಹಾಕಿದ್ದಪ್ಪಾ ಎಂದೆ. "ನಾನೇ, ಈಗ ತಾನೇ. ಉಂಗುರ ಇರೋದೆಲ್ಲ ಮಂಗಳವಾರ ನೆಲಕ್ಕೆ. ಆಮೇಲೆ ಇಲ್ಲೆಲ್ಲ ಪೈನ್ ಗಿಡ ನೆಡ್ತಾರೆ." ನಿಲ್ಲಿಸೋದಕ್ಕೆ ಅಲ್ವಾ ಸುಣ್ಣ ಹಾಕೋದು ಎಂದೆ. ಅವನು ನನ್ನನ್ನೇ ನೋಡಿ, "ನಿಲ್ಲೋದಕ್ಕೆ ಯಾಕಮ್ಮಾ ಸುಣ್ಣ? ಅದು ನಿಂತೇ ಇದೆಯಲ್ಲ," ಎಂದ.

ನನಗೆ ನಗು ಬಂತು. ಆ ಮರಕ್ಕೆ ಸಾವು ಬಂದ ಸುದ್ದಿ ಕೇಳಿ, ಕರ್ತನು ಶಿಲುಬೆಗೇರಿದ ದಿನ, ನಾನು ಕಣ್ಣೀರು ಒರೆಸಿಕೊಳ್ಳುತ್ತಾ ನಕ್ಕೆ. ಪಾಪ, ಅವನು ಡಬ್ಬ ಎತ್ತಿಕೊಂಡು ದೂರ ಹೋದ. ನೀನು ನಿಲ್ಲು ಅಂದಿರಲಿಲ್ಲ. ಹಾಗೆ ಅಂದಿದ್ದೀಯ ಎಂದುಕೊಂಡ ಹೊತ್ತಿನಲ್ಲಿ ನನಗೆ ಏನು ಬೇಕು ಎಂಬುದು ನನಗೇ ಕಂಡುಹೋಗಿತ್ತು. ಆದರೂ ಬೇಕು ಎಂಬುದು ಬೇರೆ, ಕೊಟ್ಟ ಮಾತು ಬೇರೆ. ಅದನ್ನು ಕರ್ತನಿಗೇ ಒಪ್ಪಿಸಿ, ಸಿಕ್ಕಷ್ಟು ಹೂ ಕಿತ್ತು, ಬೇಗನೆ ಮನೆಯ ದಾರಿ ಹಿಡಿದೆ. ಹಾಗೆ ಬೇಗ ಬಂದದ್ದರಿಂದಲೇ ಮುಂದಿನದು ಕಂಡದ್ದು.

ಹಿತ್ತಲ ಬೇಲಿಯ ಸಂದಿಯಿಂದ ಅಡುಗೆಮನೆಯ ಕಿಟಕಿ ಕಾಣುತ್ತದೆ. ಒಳಗೆ ಸ್ಟೂಲಿನ ಮೇಲೆ ಆಂಬ್ರೋಸಣ್ಣ ನಿಂತಿದ್ದ. ಕೋಲಿಲ್ಲ. ಗೋಡೆ ಹಿಡಿದಿರಲಿಲ್ಲ. ತುದಿಗಾಲಲ್ಲಿ ಎದ್ದು, ಕಪಾಟಿನ ನೆತ್ತಿಗೆ ಕೈ ಚಾಚಿ ಬನ್ನು ತೆಗೆದ. ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿದ. ಸ್ಟೂಲನ್ನು ಕಾಲಲ್ಲೇ ಮೇಜಿನಡಿಗೆ ನೂಕಿದ. ತಿನ್ನುತ್ತಾ ಕುರ್ಚಿಯ ಕಡೆ ನಡೆದ ನಡಿಗೆ ಇದೆಯಲ್ಲ, ಗಿಡಿಯನ್, ಸಂತೆಗೆ ಹೋಗುವವನ ನಡಿಗೆ. ಇವತ್ತು ಮೊದಲ ಸಲ ಎದ್ದವನು ಹಾಗೆ ನಡೆಯಲಾರ.

ಬೇಲಿಯ ಹಿಂದೆ ನಿಂತು ಕೋಪ ಬರಲಿ ಎಂದು ಕಾದೆ. ಬರಲಿಲ್ಲ. ಅಮ್ಮನ ದನಿಯೊಂದೇ ಕೇಳಿಸಿತು, ತನ್ನ ಕಾಲ ಮೇಲೆ ನಿಲ್ಲೋವರೆಗೂ ಎಂದು. ಬಾಗಿಲನ್ನು ಬೇಕೆಂದೇ ದಡಾರನೆ ತೆಗೆದು ಒಳಗೆ ಹೋದೆ. ಕುರ್ಚಿಯಲ್ಲಿದ್ದ, ಮಡಿಲಲ್ಲಿ ಕೋಲು, ಅಂಗಿಯ ಮೇಲೆ ಚೂರು. "ಇವತ್ತು ಕಾಲು ಬಹಳ ಸೆಳೀತಿದೆ ಕಣೇ," ಎಂದ. ಒಂದು ಬನ್ನು ಕಡಿಮೆ ಇದೆಯಲ್ಲ ಅಣ್ಣ ಎಂದೆ. "ಇಲಿ ಇರ್ಬೇಕು." ಎತ್ತರದ ಇಲಿ ಎಂದೆ. ಅವನು ಕಿಟಕಿಯ ಕಡೆ ಮುಖ ತಿರುಗಿಸಿದ.

ಮೂರು ಗಂಟೆಯ ಪ್ರಾರ್ಥನೆಯಲ್ಲಿ ಮಂಡಿಯೂರಿ ಕೇಳಿಕೊಂಡೆ: ಕರ್ತನೇ, ನನಗೆ ಬೇಕಾದ ಹಾಗೆ ಅಮ್ಮನ ಮಾತನ್ನು ತಿರುಚುತ್ತಿದ್ದೇನೆಯೇ? ಮೇಲಿಂದ ಯಾವ ದನಿಯೂ ಬರಲಿಲ್ಲ. ಆದರೆ ಎದೆಯ ಮೇಲಿನ ಚಪ್ಪಡಿ ಇರಲಿಲ್ಲ. ನನಗೆ ಅಷ್ಟು ಸಾಕಾಯಿತು.

ಮನೆಗೆ ಬಂದು, ಪಾಚಿ ಸಾಲದು, ಇನ್ನೊಮ್ಮೆ ಕಾಡಿಗೆ ಹೋಗಬೇಕು ಎಂದೆ. "ಒಂದೇ ದಿನ ಎರಡು ಸಲಾನಾ? ಚರ್ಚಿಗೆ ಹಾಸಿಗೆ ಹಾಸ್ತೀರೇನು?" ಎಂದು ಗೊಣಗಿದ. ಗೊಣಗಲಿ ಎಂದು ಹೊರಟೆ. ತಳ್ಳುಗಾಡಿಯ ತಳದಲ್ಲಿ ನನ್ನ ತಗಡಿನ ಪೆಟ್ಟಿಗೆ, ಮೇಲೆ ಗೋಣಿಚೀಲ. ಅವನ ಕಿಟಕಿಯ ಮುಂದೆಯೇ ತಳ್ಳಿಕೊಂಡು ಹೋದೆ. ನನ್ನ ಚಳಿಯ ಕೋಟು, ಒಳ್ಳೆಯ ಬೂಟು, ಅಮ್ಮನ ಪ್ರಾರ್ಥನೆಯ ಪುಸ್ತಕ ಅದರಲ್ಲಿವೆ. ನನ್ನದು ಎಂದು ಈ ಮನೆಯಲ್ಲಿ ಇದ್ದದ್ದು ಅಷ್ಟೇ.

ನಾಳೆ ಚರ್ಚಿನ ಕಿಟಕಿಗಳಿಗೆ ಹೂ ಕಟ್ಟುತ್ತೇನೆ. ಅಲ್ಲೇ ಈ ಕಾಗದವನ್ನು ಹಿಲ್ಡಾಳ ಕೈಗೆ ಕೊಡುತ್ತೇನೆ, ಮಗಳ ಮನೆಗೆ ಹೋಗುವ ದಾರಿಯಲ್ಲಿ ನಿನಗೆ ಮುಟ್ಟಿಸುತ್ತಾಳೆ. ಭಾನುವಾರ ಪ್ರಭುಭೋಜನ ತೆಗೆದುಕೊಂಡು, ಅಣ್ಣನಿಗೆ ಕುರಿಮಾಂಸ ಬಡಿಸಿ, ಅವನ ಎದುರೇ ನಿಂತು ಹೇಳುತ್ತೇನೆ. ಕಳ್ಳಿಯ ಹಾಗೆ ಹೋಗುವವಳಲ್ಲ. ಪಕ್ಕದ ಮನೆಯ ವಿಧವೆ ಪಿಟ್‌ಮನ್ನಮ್ಮ ಮಧ್ಯಾಹ್ನದ ಊಟ ಕೊಡಲು ಒಪ್ಪಿದ್ದಾಳೆ. ಆಕೆಯ ಜಾಮು ಎಂದರೆ ಅಣ್ಣನಿಗೆ ಪ್ರಾಣ, ಬೇಕೆಂದರೆ ನಡೆದೇ ಹೋಗಿ ತರಲಿ. ಸೋಮವಾರ ಬಸ್ಸಿಗೆ ಬರುತ್ತೇನೆ. ಚರ್ಚಿನಲ್ಲಿ ನಮ್ಮಿಬ್ಬರ ಹೆಸರು ಕೂಗಿ ಮದುವೆಯಾಗುವವರೆಗೆ ನಿನ್ನ ತಂಗಿಯ ಮನೆಯಲ್ಲಿ ಇರುತ್ತೇನೆ. ಆಕೆಗೆ ಹೇಳಿಡು.

ಅಣ್ಣ ಮತ್ತೆ ಕೋಲು ಬಡಿಯುತ್ತಿದ್ದಾನೆ. ಒಂದೇ ಸಲ, ಚಹಾ ಇರಬೇಕು. ಹೋಗುತ್ತೇನೆ. ಕಲ್ಲನ್ನು ಉರುಳಿಸಿ ಬೆಳಕು ತಂದ ಕರ್ತನು ನಿನ್ನ ಕೈಗಳನ್ನು ಕಾಯಲಿ, ನಿನ್ನ ಮಚ್ಚಿನ ಅಲಗು ನಿನ್ನತ್ತ ತಿರುಗದಿರಲಿ.

ಹೌದು ಎಂಬ ಒಂದು ಮಾತು ಬರೆಯಲು ಇಷ್ಟುದ್ದ ಕಾಗದವಾಯಿತು. ಆದರೂ ನನ್ನ ಉತ್ತರ ಈ ಲಕೋಟೆಯಲ್ಲಿಲ್ಲ, ಅದು ಇದರಲ್ಲಿ ಹಿಡಿಸುವುದಿಲ್ಲ. ಕಾಡಿನ ಬಾಗಿಲ ಪಕ್ಕ ನೀನು ಬಿಟ್ಟು ಹೋದ ತಟ್ಟಿಗಳ ಹಿಂದೆ, ಪಾಚಿಯ ಕೆಳಗೆ ಇದೆ. ತೂಕವಿದೆ. ಮಂಗಳವಾರ ಗರಗಸದವರು ಬರುವ ಮೊದಲು ಗಾಡಿ ಕೊಟ್ಟು ಯಾರನ್ನಾದರೂ ಕಳಿಸಿ ತರಿಸಿಕೋ.

ನಿನ್ನ,
ತಿರ್ಜಾ