ತವರಿನ ದೋಣಿ

ಜೂನ್ 1, ಶನಿವಾರ

ಇವತ್ತು ನನ್ನ ಬಾಯಿಗೆ ಏನಾಗಿತ್ತೋ.

ಇವತ್ತಿನ ದೋಣಿ ಪಂದ್ಯಕ್ಕೆಂದು ತಿಂಗಳಿನಿಂದ ಊರಿನ ಹೆಂಗಸರೆಲ್ಲ ಸೇರಿ ನಮ್ಮ ದೋಣಿಯವರಿಗೆ ಅಡುಗೆ ಮಾಡಿದ್ದೇವೆ. ಕೆಸುವಿನ ಗಡ್ಡೆ ಸುಲಿದು ಸುಲಿದು ನನ್ನ ಬೆರಳುಗಳು ಇನ್ನೂ ತುರಿಸುತ್ತಿವೆ. ಹುಟ್ಟು ಹಾಕುವವರಲ್ಲಿ ನನ್ನ ಗಂಡ ಸಾವೆಲಿಯೊ ಕೂಡ ಒಬ್ಬ. ಎದುರಾಳಿ ನನ್ನ ತವರೂರು; ಆ ದೋಣಿಯ ಚುಕ್ಕಾಣಿ ಹಿಡಿದವನು ನನ್ನ ಅಣ್ಣ ಪೆನಿಯಮಿನಾ.

"ಅಣ್ಣ ಸೋತರೆ ಅಳಬೇಡ ಕಣೇ," ಎಂದು ರಾಜಧಾನಿ ಅಪಿಯಾದ ಕಡಲ ದಂಡೆಯಲ್ಲಿ ಓರಗಿತ್ತಿ ಚುಚ್ಚಿದಳು. ನಕ್ಕುಬಿಟ್ಟೆ. ಆದರೆ ಎರಡೂ ದೋಣಿಗಳು ಸಮಸಮವಾಗಿ ಗುರಿಯ ಹತ್ತಿರ ಬಂದಾಗ, ನನಗೇ ಅರಿವಿಲ್ಲದೆ "ಹುಟ್ಟು ಹಾಕಿಸೋ ಅಣ್ಣಾ, ಬಿಡಬೇಡ!" ಎಂದು ಕಿರುಚಿಬಿಟ್ಟೆ. ನಮ್ಮ ಹೆಂಗಸರೆಲ್ಲ ತಿರುಗಿ ನೋಡಿದರು. ಅಷ್ಟರಲ್ಲಿ ಅಣ್ಣನ ದೋಣಿ ಗೆದ್ದಿತ್ತು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಬಂದು ಕೈ ಹಿಡಿದುಕೊಂಡರು. "ನೀನು ಬಾಯಿಬಿಟ್ಟು ಕೂಗಿದೆ, ಅಷ್ಟೇ," ಎಂದು ಕಿವಿಯಲ್ಲಿ ಹೇಳಿದರು. "ನಾನು ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಪ್ರತಿ ಸಲ ನನ್ನ ತವರಿನ ದೋಣಿಗೇ ಕೂಗ್ತೀನಿ, ಹೊಟ್ಟೆಯೊಳಗೆ."

ಊಟವಾದ ಮೇಲೆ ಸಾವೆಲಿಯೊನ ಬೊಬ್ಬೆ ಎದ್ದ ಅಂಗೈಗೆ ಎಣ್ಣೆ ಹಚ್ಚುತ್ತಿದ್ದೆ. "ನಿನ್ನ ಕೂಗು ನೀರಿನ ತನಕ ಕೇಳಿಸ್ತು," ಎಂದ. ನನ್ನ ಕೈ ನಿಂತಿತು.

"ದೋಣಿಯ ಹುಡುಗರೆಲ್ಲ ನನ್ನ ಮುಖ ನೋಡಿದ್ರು. ಅವಳಣ್ಣ ಪುಣ್ಯವಂತ ಕಣ್ರೋ ಅಂದೆ. ಹಚ್ಚು, ಉರೀತಿದೆ."

ಹಚ್ಚಿದೆ. ಇವನು ಗೆಲ್ಲಬೇಕಿತ್ತು. ಅಣ್ಣನೂ ಗೆಲ್ಲಬೇಕಿತ್ತು. ಅದು ಹೇಗೆ ಅಂತ ಯಾರಾದರೂ ಕೇಳಿದರೆ... ನಿದ್ದೆಗೆ ಕಣ್ಣು ಮುಚ್ಚುತ್ತಿದೆ.